ಕಾಗದದ ಬೆನ್ನು ಹತ್ತಿದವರು

ಈ ಸಂಚಿಕೆಯನ್ನು ಇಡಿಯಾಗಿ ಗೂಢಚಾರ ಕಥೆಗಳಿಗೆ ಬಿಟ್ಟುಕೊಟ್ಟಿದ್ದೇವೆ. ಅದರಲ್ಲೂ ಒಂದೇ ಬಗೆಯ ಕಥೆಗಳಿಗೆ: ಗುಟ್ಟಿನ ಕಾಗದವೊಂದು ಕೈತಪ್ಪುತ್ತದೆ, ಜನ ಅದರ ಬೆನ್ನು ಹತ್ತುತ್ತಾರೆ. ವಿಷಯ ತಿಳಿದ ಕೆಲವು ಹಿರಿಯ ಓದುಗರು, ಸಾಹಿತ್ಯ ಪತ್ರಿಕೆಗೆ ಈ ಪತ್ತೇದಾರಿಯೆಲ್ಲ ಯಾಕೆ ಬೇಕಿತ್ತು ಎಂದು ಬೇಸರದಿಂದಲೇ ಕೇಳಿದರು. ಅವರಿಗೆ ಹೇಳಿದ ಉತ್ತರವನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಬರೆಯುತ್ತಿದ್ದೇನೆ.

ಹೊಸಗಾಲದ ಕನ್ನಡ ಗದ್ಯ ಕಣ್ಣು ತೆರೆಯುತ್ತಿದ್ದಾಗಲೇ ಅದರಲ್ಲಿ ಗೂಢಚಾರರಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ‘ಮುದ್ರಾಮಂಜೂಷ’ ಬರೆದ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಬರುವುದಕ್ಕೆ ಇನ್ನೂ 76 ವರ್ಷಗಳಿದ್ದವು. ಪದ್ಯವೇ ಪಾಂಡಿತ್ಯದ ಗುರುತಾಗಿದ್ದ ಕಾಲದಲ್ಲಿ ಗದ್ಯದಲ್ಲಿ ದೊಡ್ಡ ಕಥೆ ಹೇಳಲು ಹೊರಟ ಈತ ಕೈಗೆತ್ತಿಕೊಂಡದ್ದು ವಿಶಾಖದತ್ತನ ‘ಮುದ್ರಾರಾಕ್ಷಸ’ ನಾಟಕದ ವಸ್ತುವನ್ನು. ಅಲ್ಲಿ ಶೃಂಗಾರವಿಲ್ಲ, ರಾಜಕುಮಾರಿಯಿಲ್ಲ, ದೇವರು ಪ್ರತ್ಯಕ್ಷನಾಗುವುದೂ ಇಲ್ಲ. ಇರುವುದು ಒಂದು ಉಂಗುರ, ಒಂದು ಪತ್ರ, ಎರಡು ಕಡೆಯ ಬೇಹುಗಾರರು.

ಆ ಉಂಗುರ ಸಿಕ್ಕುವ ಪ್ರಸಂಗವನ್ನು ಎಷ್ಟು ಸಲ ಓದಿದರೂ ನನಗೆ ತೃಪ್ತಿಯಾಗುವುದಿಲ್ಲ. ನಂದರ ಮಂತ್ರಿ ರಾಕ್ಷಸ ಊರು ಬಿಡುವಾಗ ಹೆಂಡತಿ ಮಕ್ಕಳನ್ನು ಗೆಳೆಯ ಚಂದನದಾಸನ ಮನೆಯಲ್ಲಿ ಗುಟ್ಟಾಗಿ ಇರಿಸಿದ್ದಾನೆ. ಚಾಣಕ್ಯನ ಕಡೆಯ ನಿಪುಣಕ ಯಮನ ಚಿತ್ರವಿರುವ ಯಮಪಟ ಹಿಡಿದುಕೊಂಡು, ಹಾಡು ಹೇಳುತ್ತಾ ಊರು ತಿರುಗುವವನ ವೇಷದಲ್ಲಿ ಆ ಮನೆಯೊಳಗೆ ಹೋಗಿ ಪಟ ಹರಡುತ್ತಾನೆ. ಚಿತ್ರ ನೋಡುವ ಆಸೆಗೆ ಐದು ವರ್ಷದ ಹುಡುಗನೊಬ್ಬ ಒಳಕೋಣೆಯಿಂದ ಹೊರಗೆ ಓಡಿಬರುತ್ತಾನೆ. ಒಳಗೆ ಹೆಂಗಸರ ಗಾಬರಿ. ಬಾಗಿಲ ಮರೆಯಿಂದ ಒಬ್ಬಾಕೆ ಕೈ ಚಾಚಿ ಮಗುವನ್ನು ಎಳೆದುಕೊಳ್ಳುತ್ತಾಳೆ. ಗಂಡಸಿನ ಬೆರಳಿನ ಅಳತೆಗೆ ಮಾಡಿಸಿದ ಉಂಗುರ ಅವಳ ಬೆರಳಿಗೆ ಸಡಿಲ. ಆ ಗಡಿಬಿಡಿಯಲ್ಲಿ ಅದು ಜಾರಿ, ಹೊಸ್ತಿಲಿಗೆ ಬಿದ್ದು, ಉರುಳಿ ಬಂದು ನಿಪುಣಕನ ಕಾಲ ಹತ್ತಿರ ನಿಲ್ಲುತ್ತದೆ. ಅದರ ಮೇಲೆ ರಾಕ್ಷಸನ ಹೆಸರಿದೆ. ಒಂದು ರಾಜ್ಯದ ಹಣೆಬರಹ ತಾಯಿಯೊಬ್ಬಳ ಕಳವಳದಿಂದ ತಿರುಗಿತು ಎನ್ನುವುದನ್ನು ವಿಶಾಖದತ್ತ ಎರಡು ಮಾತಿನಲ್ಲಿ ಹೇಳಿ ಮುಂದೆ ನಡೆಯುತ್ತಾನೆ.

ಉಂಗುರ ಕೈಸೇರಿದ ಮೇಲೆ ಚಾಣಕ್ಯನಿಗೆ ಬೇಕಾದದ್ದು ಒಂದು ಪತ್ರ. ತಾನೇ ಬರೆಯುವಂತಿಲ್ಲ. ವೈದಿಕರ ಅಕ್ಷರ ಎಷ್ಟು ಜತನದಿಂದ ಬರೆದರೂ ಸ್ಪಷ್ಟವಾಗಿರುವುದಿಲ್ಲ ಎಂಬ ಅವನ ಮಾತಿನಲ್ಲಿ ಕಸುಬಿನ ತಿಳಿವಳಿಕೆ ಇದೆ. ರಾಕ್ಷಸನ ಆಪ್ತ ಲಿಪಿಕಾರ ಶಕಟದಾಸನಿಂದಲೇ, ಯಾವುದಕ್ಕೆ ಎಂದು ಅವನಿಗೆ ಗೊತ್ತಾಗದ ಹಾಗೆ, ಪತ್ರ ಬರೆಸಲಾಗುತ್ತದೆ. ಯಾರು ಯಾರಿಗೆ ಬರೆದದ್ದು ಎಂಬ ಹೆಸರೇ ಅದರಲ್ಲಿಲ್ಲ. ಮೇಲೆ ರಾಕ್ಷಸನ ಮುದ್ರೆ. ಅಕ್ಷರ ನಿಜ, ಮುದ್ರೆ ನಿಜ, ಒಳಗಿನ ವಿಷಯ ಮಾತ್ರ ಸುಳ್ಳು. ಇದನ್ನು ಹೊತ್ತ ಚಾಣಕ್ಯನ ಗೂಢಚಾರ ಸಿದ್ಧಾರ್ಥಕ, ರಾಕ್ಷಸ ಸೇರಿಕೊಂಡಿದ್ದ ರಾಜಕುಮಾರ ಮಲಯಕೇತುವಿನ ಪಾಳೆಯದಿಂದ ರಹದಾರಿಯಿಲ್ಲದೆ ಹೊರಡುತ್ತಾನೆ. ಸಿಕ್ಕಿಬೀಳುವುದೇ ಅವನ ಕೆಲಸ. ಏಟು ತಿಂದ ಮೇಲೆ ಹೇಳಬೇಕಾದದ್ದನ್ನು ಹೇಳುತ್ತಾನೆ. ಹೆಸರಿಲ್ಲದ ಆ ಪತ್ರದಲ್ಲಿ ಮಲಯಕೇತು ತನಗೆ ಮೊದಲೇ ಇದ್ದ ಅನುಮಾನವನ್ನು ಓದಿಕೊಳ್ಳುತ್ತಾನೆ. ಜೊತೆಗೆ ನಿಂತಿದ್ದ ಐವರು ಅರಸರನ್ನು ಕೊಲ್ಲಿಸುತ್ತಾನೆ, ರಾಕ್ಷಸನನ್ನು ಅಟ್ಟುತ್ತಾನೆ, ಕಡೆಗೆ ತಾನೇ ಸೆರೆಯಾಗುತ್ತಾನೆ.

ಇದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಗಳಿಗೆ. ಪತ್ರವನ್ನು ರಾಕ್ಷಸನ ಕೈಗೇ ಕೊಡುತ್ತಾರೆ. ತಾನು ಬರೆಸಿದ್ದಲ್ಲ ಎಂದು ಅವನಿಗೆ ಗೊತ್ತು. ಆದರೆ ಅಕ್ಷರ ಶಕಟದಾಸನದ್ದೇ. ಹೋಲಿಸಿ ನೋಡಲು ಅವನದೇ ಬೇರೆ ಬರವಣಿಗೆ ತರಿಸುತ್ತಾರೆ, ಎರಡೂ ಒಂದೇ. ಆಗ ಜೀವದ ಗೆಳೆಯನ ಮೇಲೆಯೇ ರಾಕ್ಷಸನಿಗೆ ಸಂಶಯ ಬರುತ್ತದೆ. ಹೆಂಡತಿ ಮಕ್ಕಳ ಮೇಲಿನ ಆಸೆಗೆ ಹೀಗೆ ಮಾಡಿದನೇ ಎಂದುಕೊಳ್ಳುತ್ತಾನೆ. ಮೂರ್ಖನಾದ ಮಲಯಕೇತು ಮೋಸ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ಸಜ್ಜನನಾದ ರಾಕ್ಷಸನೂ ಒಂದು ಕ್ಷಣ ಕಾಗದವನ್ನು ನಂಬಿ ಮನುಷ್ಯನನ್ನು ಬಿಟ್ಟುಕೊಟ್ಟ. ಈ ಜಾತಿಯ ಕಥೆಗಳು ಸಾಹಿತ್ಯವಾಗುವುದು ಇಂಥ ಕಡೆಯಲ್ಲಿ ಎಂದು ನಾನು ನಂಬಿದ್ದೇನೆ.

ಅದೇ ಚಾಣಕ್ಯನ ಹೆಸರಿನ ‘ಅರ್ಥಶಾಸ್ತ್ರ’ ಕಣ್ಮರೆಯಾಗಿದ್ದು, ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಗಳಲ್ಲಿ ಅದನ್ನು ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ, 1909ರಲ್ಲಿ ಅಚ್ಚು ಹಾಕಿಸಿದ್ದು ನಮಗೆಲ್ಲ ಹೆಮ್ಮೆಯ ಕಥೆ. ಗೂಢಪುರುಷರನ್ನು ನೇಮಿಸುವ ಬಗೆಯನ್ನು ವೇಷವೇಷವಾಗಿ ವಿವರಿಸುವ ಆ ಗ್ರಂಥ, ಮಂತ್ರಾಲೋಚನೆ ನಡೆಯುವ ಜಾಗದ ಹತ್ತಿರ ಗಿಳಿ, ಗೊರವಂಕ, ನಾಯಿಗಳೂ ಸುಳಿಯದಂತೆ ನೋಡಿಕೊಳ್ಳಲು ಹೇಳುತ್ತದೆ. ಅವುಗಳಿಂದಲೂ ಗುಟ್ಟು ಬಯಲಾದದ್ದುಂಟಂತೆ.

ಕಾಗದಕ್ಕೆ ಮನುಷ್ಯನನ್ನು ಬಲಿಕೊಡುವುದು ನಾಟಕದ ಮಾತಷ್ಟೇ ಅಲ್ಲ. 1894ರ ಪ್ಯಾರಿಸ್. ಜರ್ಮನ್ ರಾಯಭಾರ ಕಚೇರಿಯಲ್ಲಿ ಕಸ ಗುಡಿಸುತ್ತಿದ್ದ ಮದಾಮ್ ಬಾಸ್ತಿಯಾನ್ ಎಂಬ ಹೆಂಗಸು ಕಸದ ಬುಟ್ಟಿಯ ಚೂರುಗಳನ್ನು ಫ್ರೆಂಚ್ ಸೇನೆಯ ಗುಪ್ತಚರ ವಿಭಾಗಕ್ಕೆ ಸಾಗಿಸುತ್ತಿದ್ದಳು. ಹಾಗೆ ಬಂದದ್ದರಲ್ಲಿ ತೆಳ್ಳನೆಯ ಒಂದು ಹಾಳೆ, ಹರಿದದ್ದು, ಸಹಿಯಿಲ್ಲ, ತಾರೀಖಿಲ್ಲ. ಯಾವ ಯಾವ ಸೇನಾ ರಹಸ್ಯಗಳನ್ನು ಕಳಿಸುತ್ತಿದ್ದೇನೆ ಎಂಬ ಪಟ್ಟಿ ಅದು. ತೋಪಿನ ವಿಷಯ ಇದೆಯಾದ್ದರಿಂದ ಬರೆದವನು ಫಿರಂಗಿದಳದವನಿರಬೇಕು ಎಂದು ತರ್ಕಿಸಿದ ಅಧಿಕಾರಿಗಳ ಕಣ್ಣು ಕ್ಯಾಪ್ಟನ್ ಆಲ್ಫ್ರೆಡ್ ಡ್ರೇಫಸ್ ಮೇಲೆ ಬಿತ್ತು. ಆತ ಯಹೂದಿ. ಅಷ್ಟು ಸಾಕಾಯಿತು. ಅಕ್ಟೋಬರ್ 15ರಂದು ಕರೆಸಿ, ಎದುರು ಕೂರಿಸಿ, ಉಕ್ತಲೇಖನ ಬರೆಸಿ, ಅಲ್ಲೇ ಬಂಧಿಸಿದರು. ಅಕ್ಷರ ಹೊಂದುವುದಿಲ್ಲವಲ್ಲ ಎಂಬ ಮಾತು ಬಂದಾಗ ಬೆರ್ತಿಯೋನ್ ಎಂಬ ಪ್ರಸಿದ್ಧ ತಜ್ಞ, ಡ್ರೇಫಸ್ ತನ್ನ ಕೈಬರಹವನ್ನು ತಾನೇ ತಿರುಚಿ ಬರೆದಿದ್ದಾನೆ ಎಂದು ವಾದಿಸಿದ. ಹೋಲಿಕೆ ಕಂಡರೂ ಅಪರಾಧಿ, ಕಾಣದಿದ್ದರೂ ಅಪರಾಧಿ. ನ್ಯಾಯಾಧೀಶರ ಕೈಗೆ ಗುಟ್ಟಾಗಿ ಒಂದು ಕಡತ ಹೋಯಿತು. ಪ್ರತಿವಾದಿ ವಕೀಲರಿಗೆ ಅದನ್ನು ತೋರಿಸಲೇ ಇಲ್ಲ. ಡ್ರೇಫಸ್‌ನ ಪದಕಪಟ್ಟಿಗಳನ್ನು ಸಾರ್ವಜನಿಕವಾಗಿ ಕಿತ್ತುಹಾಕಿ, ಡೆವಿಲ್ಸ್ ಐಲೆಂಡ್ ಎಂಬ ದ್ವೀಪಕ್ಕೆ ಸಾಗಿಸಿದರು. ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಆತ ಅಲ್ಲಿದ್ದ.

1896ರಲ್ಲಿ ಅದೇ ಕಸದ ಬುಟ್ಟಿಯ ದಾರಿಯಲ್ಲಿ ಇನ್ನೊಂದು ಹರಿದ ಕಾಗದ ಬಂತು. ಗುಪ್ತಚರ ವಿಭಾಗದ ಹೊಸ ಮುಖ್ಯಸ್ಥ ಪಿಕಾರ್ ಅದರ ಜಾಡು ಹಿಡಿದು, ಎಸ್ಟರ್‌ಹಾಜಿ ಎಂಬ ಅಧಿಕಾರಿಯ ಕೈಬರಹ ನೋಡಿ ಬೆಚ್ಚಿದ. ಹಳೆಯ ಪಟ್ಟಿಯ ಅಕ್ಷರವೇ ಅದು. ಮೇಲಿನವರಿಗೆ ಹೇಳಿದ್ದಕ್ಕೆ ಪಿಕಾರ್‌ನನ್ನೇ ದೂರ ವರ್ಗಾಯಿಸಿದರು. ತಪ್ಪನ್ನು ಮುಚ್ಚಲು ಅದೇ ವಿಭಾಗದ ಆನ್ರಿ ಎಂಬವನು ಎರಡು ಪತ್ರಗಳ ಚೂರುಗಳನ್ನು ಅಂಟಿಸಿ ಡ್ರೇಫಸ್ ಹೆಸರಿರುವ ಹೊಸ ಸಾಕ್ಷ್ಯವನ್ನೇ ಸೃಷ್ಟಿಸಿದ. 1898ರ ಜುಲೈಯಲ್ಲಿ ಯುದ್ಧಮಂತ್ರಿ ಸಂಸತ್ತಿನಲ್ಲಿ ಅದನ್ನು ಗಟ್ಟಿಯಾಗಿ ಓದಿದ. ಆಗಸ್ಟ್ ತಿಂಗಳ ಒಂದು ರಾತ್ರಿ, ಯುದ್ಧಮಂತ್ರಿಯ ಕಚೇರಿಯಲ್ಲಿ ಕಡತ ಪರಿಶೀಲಿಸುತ್ತಿದ್ದ ಕ್ಯಾಪ್ಟನ್ ಕ್ವಿನ್ಯೇ ದೀಪದ ಬೆಳಕಿಗೆ ಆ ಕಾಗದ ಹಿಡಿದ. ಹಾಳೆಯ ಮೇಲೆ ಮೊದಲೇ ಅಚ್ಚಾಗಿದ್ದ ಸಣ್ಣ ಗೆರೆಗಳು ಮೇಲೆ ಕೆಳಗೆ ಒಂದು ಬಣ್ಣ, ನಡುವೆ ಇನ್ನೊಂದು. ಡ್ರೇಫಸ್ ಅಪರಾಧಿ ಎಂದೇ ನಂಬಿದ್ದ ಮನುಷ್ಯ ಈ ಕ್ವಿನ್ಯೇ. ಆದರೂ ಕಂಡದ್ದನ್ನು ಹೋಗಿ ಹೇಳಿದ. ಆನ್ರಿ ತಪ್ಪೊಪ್ಪಿಕೊಂಡು, ಮರುದಿನ ಸೆರೆಯಲ್ಲಿ ಕತ್ತು ಕುಯ್ದುಕೊಂಡು ಸತ್ತ. ಡ್ರೇಫಸ್ ನಿರಪರಾಧಿ ಎಂದು ನ್ಯಾಯಾಲಯ ಸಾರಿದ್ದು 1906ರಲ್ಲಿ. ರಾಬರ್ಟ್ ಹ್ಯಾರಿಸ್ 2013ರಲ್ಲಿ ಪಿಕಾರ್‌ನ ಬಾಯಲ್ಲಿ ಈ ಕಥೆ ಹೇಳಿಸಿ ‘ಆ್ಯನ್ ಆಫೀಸರ್ ಆ್ಯಂಡ್ ಎ ಸ್ಪೈ’ ಕಾದಂಬರಿ ಬರೆದರು. ಈಚಿನ ಗೂಢಚಾರ ಕಾದಂಬರಿಗಳಲ್ಲಿ ನಾನು ಅತ್ಯಂತ ಮೆಚ್ಚಿದ್ದು ಇದನ್ನೇ. ಅದರಲ್ಲಿ ಬಂದೂಕಿಗಿಂತ ಭೂತಗನ್ನಡಿಗೆ ಹೆಚ್ಚು ಕೆಲಸ.

ಇಂಗ್ಲಿಷಿನ ಹಳೆಯ ಕಥೆಗಳು ಹೆಚ್ಚಿನವರಿಗೆ ಪರಿಚಿತ. ಪೋ 1844ರಲ್ಲೇ ಕದ್ದ ಪತ್ರವೊಂದನ್ನು ಎಲ್ಲರ ಕಣ್ಣೆದುರೇ ಇರಿಸಿ ಪೊಲೀಸರನ್ನು ದಣಿಸಿದ. ಕಾನನ್ ಡಾಯ್ಲ್‌ನ 1893ರ ‘ನೇವಲ್ ಟ್ರೀಟಿ’ಯಲ್ಲಿ ರಹಸ್ಯ ಒಪ್ಪಂದದ ಕಾಗದವನ್ನು ಕಚೇರಿಯಿಂದಲೇ ಕಳೆದುಕೊಂಡ ಪರ್ಸಿ ಫೆಲ್ಪ್ಸ್ ಜ್ವರ ಹತ್ತಿ, ಬುದ್ಧಿ ಕದಡಿ, ವಾರಗಟ್ಟಲೆ ಹಾಸಿಗೆ ಹಿಡಿಯುತ್ತಾನೆ. ಕಾಗದ ಇದ್ದದ್ದು ಅವನು ಮಲಗಿದ್ದ ಕೋಣೆಯ ನೆಲದ ಹಲಗೆಯಡಿ. ಕದ್ದವನ ಕೋಣೆಯನ್ನೇ ರೋಗಿಗೆ ಬಿಟ್ಟುಕೊಟ್ಟಿದ್ದರಿಂದ ಕಳ್ಳನಿಗೂ ಅದು ಸಿಗಲಿಲ್ಲ. ಅಗಾಥಾ ಕ್ರಿಸ್ಟಿ 1922ರ ‘ದಿ ಸೀಕ್ರೆಟ್ ಅಡ್ವರ್ಸರಿ’ಯನ್ನು 1915ರ ಮೇ 7ರಂದು ಮುಳುಗುತ್ತಿರುವ ಲುಸಿಟಾನಿಯಾ ಹಡಗಿನ ಮೇಲೆ ಆರಂಭಿಸುತ್ತಾಳೆ. ಹೆಂಗಸರು ಮಕ್ಕಳು ಮೊದಲು ದೋಣಿ ಹತ್ತುತ್ತಾರೆ ಎಂಬ ಕಾರಣಕ್ಕೇ ಅಪರಿಚಿತನೊಬ್ಬ ಜೇನ್ ಫಿನ್ ಎಂಬ ಹುಡುಗಿಯ ಕೈಗೆ ಕಾಗದದ ಪೊಟ್ಟಣ ಕೊಡುತ್ತಾನೆ. ಕಾದಂಬರಿಯ ರಾಜಕೀಯ ಈಗ ತೀರ ಪೊಳ್ಳಾಗಿ ಕಾಣುತ್ತದೆ. ಜೇನ್ ಫಿನ್ ಮಾತ್ರ ನಿಲ್ಲುತ್ತಾಳೆ: ಪೊಟ್ಟಣದಲ್ಲಿ ಬರೀ ಹಾಳೆ ತುಂಬಿಸಿ, ನೆನಪು ಹಾರಿಹೋದವಳಂತೆ ವರ್ಷಗಟ್ಟಲೆ ನಟಿಸಿ, ಶತ್ರುಗಳ ನಡುವೆ ಬದುಕಿದವಳು.

ಕಾಗದದಲ್ಲಿ ಏನಿದೆ ಎಂಬುದು ಮುಖ್ಯವಲ್ಲ, ಅದರ ಹಿಂದೆ ಜನ ಓಡಿದರೆ ಸಾಕು ಎಂದವನು ಹಿಚ್‌ಕಾಕ್. ಅದಕ್ಕೆ ಮಕ್‌ಗಫಿನ್ ಎಂಬ ಹೆಸರನ್ನೂ ಪ್ರಚಾರಕ್ಕೆ ತಂದ. ಅವನ ಸಿನಿಮಾಗಳಿಗೆ ಅದು ಒಪ್ಪಿತು. ‘ದಿ 39 ಸ್ಟೆಪ್ಸ್’ನಲ್ಲಿ (1935) ಗುಟ್ಟನ್ನೆಲ್ಲ ಒಬ್ಬ ಮನುಷ್ಯ ಬಾಯಿಪಾಠ ಮಾಡಿಕೊಂಡಿರುತ್ತಾನೆ ಎಂಬುದು ಕಾಗದವೇ ಬೇಡವಾಗಿಸುವ ಅದ್ಭುತ ಉಪಾಯ. ಆದರೆ ಬರೆಯುವವರು ಈ ಮಾತನ್ನು ವೇದವಾಕ್ಯ ಮಾಡಿಕೊಂಡದ್ದರಿಂದ ನಷ್ಟವಾಗಿದೆ. ಡ್ರೇಫಸ್ ಪಟ್ಟಿಯಲ್ಲಿ ಏನಿತ್ತು ಎಂಬುದನ್ನು ಅವಸರದಲ್ಲಿ, ಪೂರ್ವಗ್ರಹದಲ್ಲಿ ಓದಿದ್ದರಿಂದಲೇ ಒಬ್ಬನ ಬದುಕು ಹಾಳಾಯಿತು. ಶಕಟದಾಸನ ಪತ್ರದಲ್ಲಿ ಹೆಸರಿಲ್ಲದ್ದರಿಂದಲೇ ಐವರು ಅರಸರು ಸತ್ತರು. ಏನು ಬರೆದಿದೆ, ಯಾರು ಓದಿದರು, ಏನೆಂದು ಓದಿಕೊಂಡರು: ಈ ಮೂರನ್ನೂ ಬಿಟ್ಟು ಬರೀ ಓಟವನ್ನು ಉಳಿಸಿಕೊಂಡರೆ ಓದುಗನಿಗೆ ದಕ್ಕುವುದು ಆಯಾಸ ಮಾತ್ರ.

ನಮ್ಮಲ್ಲಿ ಈ ಓಟದ ಸುಖವನ್ನು ಕೊಟ್ಟವರನ್ನು ನಾನು ಕೀಳಾಗಿ ಕಾಣುವವನಲ್ಲ. ಎನ್. ನರಸಿಂಹಯ್ಯನವರ ನೂರಾರು ಕಾದಂಬರಿಗಳು, ಅವರ ಪತ್ತೇದಾರ ಪುರುಷೋತ್ತಮ, ಒಂದಿಡೀ ತಲೆಮಾರಿಗೆ ಪುಸ್ತಕ ಹಿಡಿಯುವ ಅಭ್ಯಾಸ ಕಲಿಸಿದವು. ದೊರೆ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ ತೆಗೆದಾಗ ರಾಜ್‌ಕುಮಾರ್ ಸಿಐಡಿ 999 ಆಗಿ ಬಂದರು. ಅಲ್ಲಿ ಎಲ್ಲರೂ ಬೆನ್ನು ಹತ್ತಿದ್ದು ಲೋಹವನ್ನು ಚಿನ್ನ ಮಾಡುವ ವಿಜ್ಞಾನಿಯ ಸೂತ್ರವನ್ನು. ಆ ಸೂತ್ರ ಯಾಕೆ ಬೇಕು ಎಂದು ಕೊನೆಯ ಬೆಂಚಿನ ಪ್ರೇಕ್ಷಕನಿಗೂ ತಿಳಿಯುತ್ತಿತ್ತು.

ಈ ಸಂಚಿಕೆಗೆಂದು ಬಂದ ಹಲವು ಕಥೆಗಳಲ್ಲಿ ಬೆಂಗಳೂರಿನ ಯಾವುದೋ ಪ್ರಯೋಗಾಲಯದಿಂದ ಪೆನ್‌ಡ್ರೈವ್ ಕಳುವಾಗಿ, ಅದರಲ್ಲೇನಿತ್ತು ಎಂದು ಕೊನೆಯವರೆಗೂ ಯಾರೂ ಕೇಳಲಿಲ್ಲ. ಅವನ್ನು ಪ್ರೀತಿಯಿಂದಲೇ ಹಿಂದಿರುಗಿಸಿದ್ದೇವೆ. ಒಪ್ಪಿಕೊಂಡವುಗಳಲ್ಲಿ ಒಂದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಡೆಯುತ್ತದೆ. ಗಡಿಯ ಹಳ್ಳಿಯೊಂದರ ಹಳೆಯ ಸರ್ವೆ ನಕ್ಷೆ ಕಾಣೆಯಾಗಿದೆ. ಹುಡುಕುವ ಗುಮಾಸ್ತೆಯ ಕೈಗೆ ಅದು ಸಿಕ್ಕಾಗ ನಕ್ಷೆಯ ಅಂಚಿನಲ್ಲಿ ಅವಳ ತಂದೆಯ ಸಹಿ ಇದೆ, ಗೆರೆ ಬೇರೆ ಶಾಯಿಯಲ್ಲಿದೆ. ಅದನ್ನು ಸಾಹೇಬರ ಮೇಜಿಗೆ ಒಯ್ಯಬೇಕೋ ಬೇಡವೋ ಎಂದು ಅವಳು ನಿಂತಲ್ಲಿಂದ ಕಥೆಯ ದ್ವಿತೀಯಾರ್ಧ ಶುರುವಾಗುತ್ತದೆ. ಕಥೆ ದೊಡ್ಡದು. ಕತ್ತರಿಸಲು ಮನಸ್ಸು ಬಾರದೆ, ಮಾಮೂಲಿನ ಎರಡು ಅಂಕಣಗಳನ್ನು ಈ ತಿಂಗಳ ಮಟ್ಟಿಗೆ ಕೈಬಿಟ್ಟು ಪೂರ್ತಿಯಾಗಿ ಪ್ರಕಟಿಸಿದ್ದೇವೆ. ಅಂಕಣಕಾರರು ಸಂತೋಷದಿಂದ ಒಪ್ಪಿದರು. ಅವರ ಬರಹಗಳು ಮುಂದಿನ ತಿಂಗಳು ಬರುತ್ತವೆ.