ಬಾಡಿಗೆಗೆ ಸಿಗುವ ಒಲವು

ಗಂಡಸರು ದುಡ್ಡು ಚೆಲ್ಲಿ ಹೆಣ್ಣಿನ ಒಡನಾಟ ಪಡೆಯುವ ಜಾಗಗಳ ಬಗ್ಗೆ ಎಲ್ಲರೂ ಕೇಳಿದ್ದೇವೆ. ಜಪಾನಿನಲ್ಲಿ ಇದರ ತಿರುವುಮುರುವು ವ್ಯಾಪಾರವೂ ಉಂಟು. ಅದಕ್ಕೆ ಹೋಸ್ಟ್ ಕ್ಲಬ್ ಎಂದು ಹೆಸರು. ಅಲ್ಲಿ ಗಿರಾಕಿಗಳು ಹೆಂಗಸರು. ಕೂದಲಿಗೆ ಬಣ್ಣ ಹಚ್ಚಿ, ಸೂಟು ತೊಟ್ಟ ಹುಡುಗರು ಪಕ್ಕದಲ್ಲಿ ಕುಳಿತು ಗ್ಲಾಸು ತುಂಬಿಸುತ್ತಾರೆ, ಹೊಗಳುತ್ತಾರೆ, ಅತ್ತರೆ ಸಂತೈಸುತ್ತಾರೆ. ಬಿಲ್ಲಿನಲ್ಲಿ ಬರೆಯುವುದು ಮದ್ಯದ ಬೆಲೆ. ನಿಜವಾಗಿ ಮಾರಾಟವಾಗುವುದು ‘ನೀನೇ ನನಗೆ ಬೇಕಾದವಳು’ ಎಂಬ ಮಾತು.

ಈ ಲೋಕವನ್ನು ಜೇಕ್ ಕ್ಲೆನೆಲ್ ಎಂಬ ನಿರ್ದೇಶಕರು 2006ರಲ್ಲಿ ‘ದಿ ಗ್ರೇಟ್ ಹ್ಯಾಪಿನೆಸ್ ಸ್ಪೇಸ್’ ಎಂಬ ಸಾಕ್ಷ್ಯಚಿತ್ರದಲ್ಲಿ ತೋರಿಸಿದ್ದಾರೆ. ಒಸಾಕಾ ನಗರದ ಒಂದು ಕ್ಲಬ್ಬಿನ ಕಥೆ ಅದು. ಹುಡುಗರೂ ಹುಡುಗಿಯರೂ ಸರದಿಯಂತೆ ಕ್ಯಾಮೆರಾ ಮುಂದೆ ಮಾತಾಡುತ್ತಾರೆ. ಒಬ್ಬನೇ ಹುಡುಗನನ್ನು ಹಲವರು ತಮ್ಮವನೆಂದುಕೊಂಡಿದ್ದಾರೆ.

ನೋಡುತ್ತಿದ್ದಂತೆ ಒಂದು ಪ್ರಶ್ನೆ ಕಾಡುತ್ತದೆ. ರಾತ್ರಿಗೆ ಇಷ್ಟು ಸುರಿಯುವ ಹಣ ಈ ಹುಡುಗಿಯರಿಗೆ ಎಲ್ಲಿಂದ ಬರುತ್ತದೆ? ಉತ್ತರ ಮೆಲ್ಲಗೆ ಹೊರಬೀಳುತ್ತದೆ. ಅವರಲ್ಲಿ ಹೆಚ್ಚಿನವರು ಗಂಡಸರಿಗೆ ತಮ್ಮ ಸಂಗ ಮಾರಿ ಬದುಕುವವರು. ಬೇರೆಯವರ ಮುಂದೆ ನಕ್ಕು ಗಳಿಸಿದ್ದನ್ನು, ತಮ್ಮ ಮುಂದೆ ಒಬ್ಬ ನಗಲಿ ಎಂದು ತೆರುತ್ತಾರೆ. ಶಕ್ತಿ ಹೊಸದಾಗಿ ಹುಟ್ಟುವುದಿಲ್ಲ, ನಾಶವಾಗುವುದೂ ಇಲ್ಲ ಎಂದು ತರಗತಿಯಲ್ಲಿ ಹೇಳಿಕೊಡುತ್ತೇವೆ. ಇಲ್ಲಿ ಒಂಟಿತನಕ್ಕೂ ಅದೇ ನಿಯಮ. ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತದೆಯೇ ಹೊರತು ಕರಗುವುದಿಲ್ಲ.

ಹುಡುಗರಾದರೂ ಗೆದ್ದರೇ? ಬಾಟಲಿ ಖಾಲಿಯಾದಷ್ಟೂ ಗಳಿಕೆ. ಆದ್ದರಿಂದ ಕುಡಿಯುತ್ತಾರೆ, ವಾಂತಿ ಮಾಡಿ ಬಂದು ಮತ್ತೆ ಕುಡಿಯುತ್ತಾರೆ. ಲೆಕ್ಕ ಹಾಕಿ ನೋಡಿ. 750 ಮಿಲಿಲೀಟರಿನ ಶಾಂಪೇನ್ ಬಾಟಲಿಯಲ್ಲಿ ಸುಮಾರು 70 ಗ್ರಾಂ ಆಲ್ಕೊಹಾಲು ಇರುತ್ತದೆ. ನಮ್ಮ ಯಕೃತ್ತು ಗಂಟೆಗೆ ಅರಗಿಸುವುದು 7ರಿಂದ 10 ಗ್ರಾಂ. ಅಂದರೆ ಒಂದೇ ಬಾಟಲಿಗೆ ಏಳರಿಂದ ಹತ್ತು ತಾಸು ಬೇಕು. ಮೇಲಾಗಿ ಆಲ್ಕೊಹಾಲಿನಿಂದ ದೇಹದಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ಒಡೆಯುವ ಕಿಣ್ವ ಜಪಾನೀಯರಲ್ಲಿ ಸುಮಾರು ಶೇಕಡ 40ರಷ್ಟು ಮಂದಿಗೆ ಹುಟ್ಟಿನಿಂದಲೇ ದುರ್ಬಲ. ಸಿಹಿಮಾತಿನ ಬಾಕಿಯನ್ನು ಯಕೃತ್ತು ತೀರಿಸುತ್ತಿದೆ.

ಇತ್ತೀಚಿನ ವರ್ಷಗಳಲ್ಲಿ ಈ ವ್ಯಾಪಾರದ ಇನ್ನೊಂದು ಮುಖ ಬಯಲಾಯಿತು. ಟೋಕಿಯೊದ ಕಬುಕಿಚೊದಂಥ ಬಡಾವಣೆಗಳಲ್ಲಿ ಹುಡುಗಿಯರಿಗೆ ಉದ್ದರಿ ಕೊಟ್ಟು, ಸಾಲ ಬೆಳೆದ ಮೇಲೆ ಮೈ ಮಾರಿ ತೀರಿಸುವಂತೆ ದೂಡಿದ ಪ್ರಕರಣಗಳು ಬೆಳಕಿಗೆ ಬಂದವು. 2025ರಲ್ಲಿ ಜಪಾನಿನ ಸಂಸತ್ತು ಕಾನೂನು ತಿದ್ದಿತು. ಗಿರಾಕಿಯ ಪ್ರೇಮವನ್ನು ಬಳಸಿಕೊಂಡು ಖರ್ಚು ಮಾಡಿಸುವುದು, ಸಾಲ ತೀರಿಸಲು ಆ ದಂಧೆಗೆ ನೂಕುವುದು ಈಗ ನಿಷಿದ್ಧ.

ಒಳ್ಳೆಯದೇ ಆಯಿತು. ಆದರೆ ಚಿತ್ರದ ಹುಡುಗಿಯರಲ್ಲಿ ಹಲವರಿಗೆ ಆ ಮಾತು ಸುಳ್ಳೆಂದು ಒಳಗೊಳಗೇ ಗೊತ್ತು. ಗೊತ್ತಿದ್ದೂ ಬರುತ್ತಾರೆ. ಮೋಸ ಮಾಡುವವನನ್ನು ಕಾನೂನು ಹಿಡಿದೀತು. ಮೋಸವಾದರೂ ಸರಿ, ಯಾರಾದರೂ ಮಾತಾಡಿಸಲಿ ಎನ್ನುವವರಿಗೆ ಅದು ಏನು ಕೊಟ್ಟೀತು? ಕಾಸು ಕೇಳದೆ ಕಿವಿಗೊಡುವ ಒಬ್ಬರು ಮನೆಯಲ್ಲೋ ನೆರೆಯಲ್ಲೋ ಇದ್ದಿದ್ದರೆ ಅವರಲ್ಲಿ ಎಷ್ಟು ಮಂದಿ ಆ ಬಾಗಿಲು ತಟ್ಟುತ್ತಿದ್ದರು?