ತೆರಿಗೆಗೆ ಮಗಳು, ಆಸ್ತಿಗೆ ಯಾರು?

(1/6)

ಫೋಟೋದಲ್ಲಿರೋದು ನನ್ನ ಇನ್‌ಕಮ್ ಟ್ಯಾಕ್ಸ್ ನೋಟ್ಸ್. ಕೆಂಪು ಪೆನ್ನಲ್ಲಿ ಗೆರೆ ಎಳೆದಿರೋ ಸಾಲು ನೋಡಿ. 1961ರ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ 2(15ಬಿ): ‘ಮಗು’ ಅಂದ್ರೆ ಮಲಮಗು ಮತ್ತು ದತ್ತು ಮಗು ಕೂಡ ಸೇರುತ್ತೆ.

ಸರ್ ಇದನ್ನ ಬೋರ್ಡ್ ಮೇಲೆ ಬರೆದಾಗ ಕ್ಲಾಸಲ್ಲಿ ಅರ್ಧ ಜನ ನಿದ್ದೆ ಮಾಡ್ತಿದ್ರಿ. ನಾನು ಮಾತ್ರ ನೆಟ್ಟಗೆ ಕೂತೆ. ನನ್ನ ಕ್ಲೋಸ್ ಫ್ರೆಂಡ್ಸ್ ಬಿಟ್ಟು ಉಳಿದವರಿಗೆ ಗೊತ್ತಿಲ್ಲ, ಈಗ ಹೇಳ್ತೀನಿ. ನಾನೊಬ್ಬ ಮಲಮಗಳು. ನನಗೆ ಎಂಟು ವರ್ಷ ಇದ್ದಾಗ ಅಪ್ಪಾಜಿ ತೀರಿಕೊಂಡರು. ಆಗ ತಂಗಿಗೆ ಒಂದು ವರ್ಷ. ನನಗೆ ಹನ್ನೊಂದಾದಾಗ ಅಮ್ಮ ಮತ್ತೆ ಮದುವೆ ಆದ್ರು. ನೀವೆಲ್ಲ ನೋಡಿರೋ ‘ನಿಮ್ಮ ಅಪ್ಪ’, ಹಿಟ್ಟಿನ ಗಿರಣಿ ನಡೆಸ್ತಾರಲ್ಲ, ಫೀಸ್ ಕಟ್ಟೋಕೆ ಕಾಲೇಜಿಗೆ ಬಂದಾಗ ಅಂಗಿ ತುಂಬಾ ಹಿಟ್ಟು ಇರುತ್ತಲ್ಲ, ಅವರು. ನಾನು ಅವರನ್ನ ಅಪ್ಪ ಅಂತಾನೇ ಕರೆಯೋದು. ತೀರಿಹೋದವರು ಅಪ್ಪಾಜಿ. ಮುಂದೆ ಓದುವಾಗ ಕನ್‌ಫ್ಯೂಸ್ ಆಗಬೇಡಿ.

‘ಮಲ’ ಅನ್ನೋ ಆ ಪದಾನೇ ನನಗೆ ಆಗಲ್ಲ. ಪೇಪರ್‌ನಲ್ಲಿ ದಿನಾ ಬರುತ್ತಲ್ಲ, ಕೇಂದ್ರದ ಮಲತಾಯಿ ಧೋರಣೆ, ಸರ್ಕಾರದ ಮಲತಾಯಿ ಧೋರಣೆ ಅಂತ. ಅನುದಾನ ಕೊಡದೇ ಇದ್ದಿದ್ದು ಯಾವುದೋ ಸರ್ಕಾರ, ಬೈಸಿಕೊಳ್ಳೋದು ಮಾತ್ರ ಯಾರದೋ ಮನೇಲಿ ಬೆಳಗ್ಗೆ ಎದ್ದು ಟಿಫನ್ ಬಾಕ್ಸ್ ಕಟ್ಟೋ ಹೆಂಗಸು. ಇರಲಿ, ಅದು ಬೇರೆ ಪೋಸ್ಟ್.

ಸೆಕ್ಷನ್ 2(15ಬಿ) ನೋಡಿ ನನಗೆ ನಿಜವಾಗ್ಲೂ ಖುಷಿ ಆಯ್ತು. ಕಾನೂನು ನನ್ನನ್ನ ಮಗಳು ಅಂತು. ಆ ಖುಷಿ ಒಂದು ವಾರ ಇತ್ತು ಅಷ್ಟೇ.

(2/6)

ಯಾಕೆ ಅಂದ್ರೆ ನಾನು ಮನೆಗೆ ಹೋಗಿ ಬೇರೆ ಕಾಯ್ದೆಗಳನ್ನೂ ಹುಡುಕಿದೆ.

ಮೊದಲು ನಮ್ಮ ಸಿಲಬಸ್‌ನದೇ ಕಂಪನಿ ಕಾಯ್ದೆ, 2013. ಅದರಲ್ಲಿ ‘ಸಂಬಂಧಿ’ ಅಂದ್ರೆ ಯಾರು ಅಂತ 2014ರ ನಿಯಮದಲ್ಲಿ ಪಟ್ಟಿ ಇದೆ. ಅಪ್ಪ ಅಂದ್ರೆ ಮಲತಂದೆಯೂ ಸೇರಿ, ಅಮ್ಮ ಅಂದ್ರೆ ಮಲತಾಯಿಯೂ ಸೇರಿ, ಮಗ ಅಂದ್ರೆ ಮಲಮಗನೂ ಸೇರಿ. ಮಗಳು? ಬರೀ ‘ಮಗಳು’. ಮಲಮಗಳ ಸುದ್ದಿ ಇಲ್ಲ. ಯಾಕೆ ಅಂತ ಯಾರಾದ್ರೂ ಸಿಎಸ್ ಓದ್ತಿರೋರು ನನಗೆ ಹೇಳಿ.

ಆಮೇಲೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಮೊದಲ ದರ್ಜೆ ವಾರಸುದಾರರಿಗೆ ಆಸ್ತಿ ಹೋಗುತ್ತೆ. ಮಗ, ಮಗಳು, ಹೆಂಡತಿ, ತಾಯಿ, ಹೀಗೆ ಪಟ್ಟಿ ಇದೆ. ಅಲ್ಲಿ ಮಗಳು ಅಂದ್ರೆ ಹೆತ್ತ ಮಗಳು ಅಥವಾ ದತ್ತು ಮಗಳು. ಮಲಮಗಳಲ್ಲ. ಮಲತಾಯಿ ವಿಷಯದಲ್ಲೂ ಅಷ್ಟೆ. ಹೆಂಗಸಿನ ಆಸ್ತಿಗೆ ‘ಮಗ’ ಅಂದ್ರೆ ಮಲಮಗ ಸೇರಲ್ಲ ಅಂತ 1987ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅವನು ಗಂಡನ ವಾರಸುದಾರರ ಸಾಲಲ್ಲಿ ಹಿಂದೆ ನಿಂತು ಕಾಯಬೇಕು.

ಅಂದ್ರೆ, ಅಪ್ಪ ನನ್ನ ಹೆಸರಲ್ಲಿ ದುಡ್ಡಿಟ್ಟು ತೆರಿಗೆ ಉಳಿಸಬಹುದು ಅಂತ ಡೌಟ್ ಬಂದರೆ ನಾನು ಮಗಳು. ಅಪ್ಪ ಇಲ್ಲದೇ ಇದ್ದಾಗ ಮನೆ ಯಾರದು ಅಂತ ಬಂದರೆ ನಾನು ಯಾರೋ. (ನ್ಯಾಯವಾಗಿ ಹೇಳಬೇಕಂದ್ರೆ ಟ್ಯೂಷನ್ ಫೀಸ್ ಡಿಡಕ್ಷನ್‌ಗೂ ನಾವು ಮಕ್ಕಳೇ. ನಮ್ಮಪ್ಪ ರಿಟರ್ನ್ಸ್‌ನಲ್ಲಿ ಅದನ್ನ ಯಾವತ್ತೂ ಹಾಕಿಲ್ಲ, ಅದು ಬೇರೆ ಮಾತು.)

ಲೆಕ್ಕ ಹಾಕಿ ನೋಡೋಣ, ಬಿಕಾಂ ಅಲ್ವಾ ನಾವು. ಅಪ್ಪನ ಹೆಸರಲ್ಲಿ ಗಿರಣಿ ಮತ್ತು ಒಂದು ಮನೆ ಇದೆ. ಅವರಿಗೆ ಸ್ವಂತ ಮಕ್ಕಳಿಲ್ಲ. ನಾಳೆ ಏನಾದ್ರೂ ಆದರೆ (ಆಗದಿರಲಿ) ಅಮ್ಮನಿಗೆ ಅರ್ಧ, ಅಪ್ಪನ ತಾಯಿ ಅಜ್ಜಿಗೆ ಅರ್ಧ. ನನಗೂ ತಂಗಿಗೂ ಸೊನ್ನೆ. ತಂಗಿ ದತ್ತು ಮಗಳಾಗಿದ್ರೆ ಅಮ್ಮ, ಅಜ್ಜಿ, ತಂಗಿ ಮೂವರಿಗೂ ಸಮಪಾಲು. ಅಮ್ಮ ಅಪ್ಪನಿಗಿಂತ ಮುಂಚೆ ಹೋಗಿಬಿಟ್ಟರೆ ಇನ್ನೂ ಕಷ್ಟ: ಪೂರ್ತಿ ಅಜ್ಜಿಗೆ. ಅಜ್ಜಿ ಒಳ್ಳೆಯವರು. ಅಜ್ಜಿ ನಂತರದವರ ಬಗ್ಗೆ ನಾನು ಗ್ಯಾರಂಟಿ ಕೊಡಲ್ಲ.

(3/6)

ಇದೆಲ್ಲ ಮನೆಯಲ್ಲಿ ಮಾತಿಗೆ ಬಂದಿದ್ದು ವಂಶವೃಕ್ಷದಿಂದ. ಗಿರಣಿಗೆ ಹೊಸ ಮೋಟರ್ ಹಾಕೋಕೆ ಸಾಲ ಬೇಕಿತ್ತು, ವಂಶವೃಕ್ಷ ಕೇಳಿದ್ರು. ಅಪ್ಪ ಅರ್ಜಿಯಲ್ಲಿ ನಮ್ಮಿಬ್ಬರ ಹೆಸರನ್ನೂ ಬರೆದು ಕೊಟ್ಟಿದ್ರು. ಕಚೇರಿಯಲ್ಲಿದ್ದವರು ನಮ್ಮ ಟಿಸಿ ನೋಡಿ, “ಇವರಿಬ್ಬರ ತಂದೆ ಹೆಸರು ಬೇರೆ ಇದೆಯಲ್ರೀ” ಅಂದ್ರು. ಅಪ್ಪ, “ಹೌದ್ ಸಾರ್, ಆದ್ರೂ ನನ್ನ ಮಕ್ಕಳೇ” ಅಂದ್ರು. ಅವರು ಪೆನ್ ತಗೊಂಡು ಎರಡೂ ಹೆಸರಿನ ಮೇಲೆ ಗೆರೆ ಎಳೆದ್ರು. ಅವರದೇನೂ ತಪ್ಪಿಲ್ಲ, ರೂಲ್ ಹಾಗೇ ಇದೆ. ಅಪ್ಪ ಮನೆಗೆ ಬಂದು ಆ ಅರ್ಜಿನ ಮಡಚಿ ದೇವರ ಗೂಡಲ್ಲಿ ಇಟ್ಟರು. ಊಟ ಮಾಡಲಿಲ್ಲ.

ಒಂಬತ್ತು ವರ್ಷ ಇವರಿಗೆ ಎಲ್ಲರೂ ಹೇಳಿದ್ದು ಒಂದೇ: “ಪ್ರೀತಿ ಇದ್ದರೆ ಸಾಕು, ಕಾಗದ ಯಾಕೆ?” ನನ್ನ ಅಭಿಪ್ರಾಯ ಇಷ್ಟೇ, ಇದಕ್ಕೇ ಈ ಸೀರೀಸ್ ಬರೀತಿರೋದು: ಈ ಮಾತು ಹೇಳೋರಿಗೆಲ್ಲ ಅವರ ಸ್ವಂತ ಕಾಗದ ಕರೆಕ್ಟಾಗಿ ಇರುತ್ತೆ. ಮಲಮಕ್ಕಳನ್ನ ಸಾಕ್ತಿರೋರು ದತ್ತು ಮಾಡಿಕೊಳ್ಳಬೇಕು, ಮತ್ತು ಬೇಗ ಮಾಡಿಕೊಳ್ಳಬೇಕು.

ಬೇಗ ಯಾಕೆ ಅಂದ್ರೆ ನನಗೆ ಇಪ್ಪತ್ತು ವರ್ಷ. ಹಿಂದೂ ದತ್ತು ಮತ್ತು ಜೀವನಾಂಶ ಕಾಯ್ದೆ (1956) ಪ್ರಕಾರ ಮಗುವಿಗೆ 15 ತುಂಬಿರಬಾರದು, ಅವರ ಸಮುದಾಯದಲ್ಲಿ ಬೇರೆ ರೂಢಿ ಇದ್ದರೆ ಮಾತ್ರ ವಿನಾಯಿತಿ. ಬಾಲನ್ಯಾಯ ಕಾಯ್ದೆ (2015) ಪ್ರಕಾರ 18ರ ಒಳಗೆ. ಎರಡೂ ಬಾಗಿಲು ನನಗೆ ಮುಚ್ಚಿವೆ. ತಂಗಿಗೆ ಹದಿಮೂರು. ಅವಳಿಗೆ ಎರಡೂ ತೆರೆದಿವೆ.

(4/6)

ಈಗ ಪ್ರೊಸೀಜರ್. ಇದನ್ನ ಸೇವ್ ಮಾಡ್ಕೊಳ್ಳಿ.

ದಾರಿ ಒಂದು, ದತ್ತು ಪತ್ರ. ಇದು ಹಿಂದೂ, ಜೈನ, ಬೌದ್ಧ, ಸಿಖ್ಖರಿಗೆ. ಲಿಂಗಾಯತರೂ ಇದರಲ್ಲೇ ಬರ್ತಾರೆ. ಹೆತ್ತವರು ಕೊಡಬೇಕು, ದತ್ತು ತಗೊಳ್ಳೋರು ತಗೋಬೇಕು. ಕೊಟ್ಟು ತಗೊಳ್ಳೋದು ನಿಜವಾಗಿ ನಡೆಯಬೇಕು, ಹೋಮ ಕಡ್ಡಾಯ ಅಲ್ಲ. ಗಂಡಸು ಹೆಣ್ಣುಮಗುವನ್ನ ದತ್ತು ತಗೊಳ್ಳೋದಾದ್ರೆ ಇಬ್ಬರ ನಡುವೆ ಕನಿಷ್ಠ 21 ವರ್ಷ ಅಂತರ ಇರಬೇಕು. ಹೆಂಗಸು ಗಂಡುಮಗು ತಗೊಂಡರೂ ಅದೇ. ಈಗಾಗಲೇ ಮಗ ಇದ್ದರೆ ಇನ್ನೊಬ್ಬ ಮಗನನ್ನ ದತ್ತು ತಗೊಳ್ಳೋಕೆ ಆಗಲ್ಲ, ಮಗಳಿಗೂ ಹಾಗೇ. ಎರಡನೇ ಮದುವೆಯಲ್ಲಿ ಗಂಡುಮಗು ಆದ ಮೇಲೆ ‘ದೊಡ್ಡವನನ್ನೂ ನನ್ನ ಹೆಸರಿಗೆ ಮಾಡ್ಕೋತೀನಿ’ ಅಂತ ಹೊರಟರೆ ಇಲ್ಲಿ ಸಿಕ್ಕಿಹಾಕ್ಕೋತಾರೆ. ಪತ್ರವನ್ನ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸಿದ್ರೆ, ಸುಳ್ಳು ಅಂತ ಸಾಬೀತು ಆಗೋವರೆಗೂ ಕೋರ್ಟ್ ಅದನ್ನ ನಂಬುತ್ತೆ. ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ ಮೊದಲು 500 ಇತ್ತು, 2024ರಿಂದ 1000 ರೂಪಾಯಿ.

ಇದರಲ್ಲಿ ಒಂದು ತಮಾಷೆ ಇದೆ. ಗಂಡ ದತ್ತು ತಗೊಂಡರೆ ಹೆಂಡತಿ ದತ್ತುತಾಯಿ ಆಗ್ತಾಳೆ ಅಂತ ಕಾಯ್ದೆ ಹೇಳುತ್ತೆ. ಇದನ್ನ ಓದಿ ಹೇಳಿದ್ದಕ್ಕೆ ಅಮ್ಮ, “ನಾನೇ ಹೆತ್ತು, ನಾನೇ ಕೊಟ್ಟು, ನಾನೇ ತಗೋಬೇಕೇನೆ?” ಅಂತ ರೊಟ್ಟಿ ತಟ್ಟೋದು ಬಿಟ್ಟು ನಕ್ಕರು.

ದಾರಿ ಎರಡು, ಬಾಲನ್ಯಾಯ ಕಾಯ್ದೆ. ಯಾವ ಧರ್ಮದವರಾದ್ರೂ ಸರಿ. ಹೆತ್ತ ತಾಯಿ/ತಂದೆ ಮತ್ತು ಮಲತಂದೆ/ಮಲತಾಯಿ ಇಬ್ಬರೂ ಸೇರಿ ‘ಕಾರಾ’ ಪೋರ್ಟಲ್‌ನಲ್ಲಿ ರಿಜಿಸ್ಟರ್ ಆಗಬೇಕು. ಮಗುವಿನ ಜನನ ಪ್ರಮಾಣಪತ್ರ, ಮದುವೆ ಸರ್ಟಿಫಿಕೇಟ್, ಮೊದಲ ಸಂಗಾತಿಯ ಮರಣ ಪ್ರಮಾಣಪತ್ರ ಅಥವಾ ಡೈವೋರ್ಸ್ ಡಿಕ್ರಿ, ಒಪ್ಪಿಗೆ ಪತ್ರ, ಇವೆಲ್ಲ ಬೇಕು. ಮಗು ಯಾರ ಹತ್ತಿರ ಇರಬೇಕು ಅಂತ ಕೇಸ್ ನಡೀತಿದ್ರೆ ಅದು ಮುಗಿಯೋವರೆಗೂ ಇದು ಶುರು ಆಗಲ್ಲ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಅಲ್ಲಿಂದ ಡಿಸಿ. ಮೊದಲು ಆದೇಶ ಕೊಡ್ತಿದ್ದದ್ದು ಕೋರ್ಟ್, 2022ರ ಸೆಪ್ಟೆಂಬರ್ 1ರಿಂದ ಜಿಲ್ಲಾಧಿಕಾರಿ. ಎರಡು ತಿಂಗಳಲ್ಲಿ ಮುಗಿಸಬೇಕು ಅಂತ ಕಾಯ್ದೆಯಲ್ಲಿದೆ. ಮಗುವಿನ ಇಷ್ಟವನ್ನೂ ನೋಡಬೇಕು ಅಂತ ಇದೆ, ಅದು ನನಗೆ ಹಿಡಿಸಿತು.

ಖರ್ಚು? ಒಬ್ಬ ವಕೀಲರು 12 ಸಾವಿರ ಅಂದ್ರು, ಇನ್ನೊಬ್ಬರು 40. ಪತ್ರ ಒಂದೇ, ಬರೆಯೋ ಕೈ ಬೇರೆ! ಆಮೇಲೆ ಗೊತ್ತಾಗಿದ್ದು: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗ್ತಾರೆ. ಜಿಲ್ಲಾ ಕೋರ್ಟ್ ಆವರಣದಲ್ಲೇ ಆಫೀಸ್ ಇರುತ್ತೆ. ಅರ್ಜಿ ಅಮ್ಮನ ಹೆಸರಲ್ಲಿ ಕೊಡಿ.

(5/6)

ದುಡ್ಡು ದೊಡ್ಡ ವಿಷಯ ಅಲ್ಲ ಅಂತ ಇಷ್ಟರಲ್ಲಿ ಗೊತ್ತಾಗಿರಬೇಕು. ನಿಜವಾದ ಬೆಲೆ ಎರಡು ಕಡೆ ಇದೆ.

ಒಂದು, ಹೆತ್ತ ತಂದೆ ಬದುಕಿದ್ರೆ ಅವರ ಒಪ್ಪಿಗೆ ಬೇಕೇ ಬೇಕು. ಹೋದ ವಾರ ಸ್ಟೋರಿ ನೋಡಿ ಮೆಸೇಜ್ ಮಾಡಿದ ಒಬ್ಬಳದು ಇದೇ ಕಥೆ. ಹಿಂದೂ ದತ್ತು ಕಾಯ್ದೆಯಲ್ಲಿ ವಿನಾಯಿತಿ ಇರೋದು ಅವರು ಸನ್ಯಾಸ ತಗೊಂಡಿದ್ರೆ, ಹಿಂದೂ ಧರ್ಮ ಬಿಟ್ಟಿದ್ರೆ, ಇಲ್ಲ ಕೋರ್ಟ್ ಮಾನಸಿಕ ಅಸ್ವಸ್ಥ ಅಂತ ಘೋಷಿಸಿದ್ರೆ. ಹತ್ತು ವರ್ಷ ಫೋನ್ ಎತ್ತದಿದ್ರೆ ಅಂತ ಇಲ್ಲ. ಜೀವನಾಂಶ ಒಂದು ಪೈಸೆ ಕೊಡದವನ ಸಹಿಗೂ, ದಿನಾ ಮಗುವನ್ನ ನೋಡೋಕೆ ಬರೋ ಅಪ್ಪನ ಸಹಿಗೂ ಒಂದೇ ತೂಕ. ಇದು ಬದಲಾಗಬೇಕು ಅಂತ ನನ್ನ ವಾದ. ಇಷ್ಟು ವರ್ಷ ಮಗುವನ್ನ ಬಿಟ್ಟವನ ‘ಇಲ್ಲ’ವನ್ನ ದಾಟೋ ಅಧಿಕಾರ ಕೋರ್ಟಿಗಾದ್ರೂ ಕೊಡಬೇಕು. ಅಂದಹಾಗೆ, ಸಹಿ ಹಾಕೋಕೆ ಅವನು ದುಡ್ಡು ಕೇಳಿದ್ರೆ ಅದು ಅಪರಾಧ: ಸೆಕ್ಷನ್ 17, ಆರು ತಿಂಗಳವರೆಗೆ ಜೈಲು, ಇಲ್ಲ ದಂಡ, ಇಲ್ಲ ಎರಡೂ. ಕೊಟ್ಟವರಿಗೂ ಅನ್ವಯಿಸುತ್ತೆ, ಹುಷಾರು.

ತಂದೆ ತೀರಿಹೋಗಿದ್ರೆ ತಾಯಿ ಒಬ್ಬಳೇ ಕೊಡಬಹುದು. ಆಂಧ್ರದ ಒಬ್ಬ ತಾಯಿಯ ಕೇಸ್ 2022ರಲ್ಲಿ ಸುಪ್ರೀಂ ಕೋರ್ಟಿಗೆ ಬಂದಿತ್ತು. ಮೊದಲ ಗಂಡ ತೀರಿಹೋಗಿದ್ರು, ಅತ್ತೆ ಮಾವ ಮಗುವಿಗೆ ಹಳೇ ಸರ್‌ನೇಮೇ ಇರಬೇಕು ಅಂತ ಹಠ. ದಾಖಲೆಯಲ್ಲಿ ಈಗಿನ ಗಂಡನ ಹೆಸರನ್ನ ‘ಮಲತಂದೆ’ ಅಂತ ತೋರಿಸಿ ಅಂತ ಹೈಕೋರ್ಟ್ ಹೇಳಿತ್ತು. ಅದು ಮಗುವಿನ ಮೇಲೆ ಕ್ರೌರ್ಯ ಅನ್ನೋ ಅರ್ಥದಲ್ಲೇ ಸುಪ್ರೀಂ ಕೋರ್ಟ್ ಮಾತಾಡಿ, ಸರ್‌ನೇಮ್ ತೀರ್ಮಾನ ತಾಯಿಯದು ಅಂತು. ಎರಡನೇ ಗಂಡ ದತ್ತು ತಗೊಂಡಿದ್ದರಲ್ಲೂ ತಪ್ಪಿಲ್ಲ ಅಂತು.

ಎರಡನೇ ಬೆಲೆ ನಮ್ಮನೆಯದು. ದತ್ತು ಆದ ದಿನದಿಂದ ಹುಟ್ಟಿದ ಮನೆಯ ಕಾನೂನು ಸಂಬಂಧ ಕಡಿಯುತ್ತೆ. ಅದಕ್ಕಿಂತ ಮೊದಲೇ ಮಗುವಿಗೆ ಬಂದಿರೋ ಆಸ್ತಿ ಹಾಗೇ ಉಳಿಯುತ್ತೆ, ಮುಂದೆ ಬರಬೇಕಾಗಿದ್ದು ಬರಲ್ಲ. ಅಪ್ಪಾಜಿಯ ಅಪ್ಪ, ನಮ್ಮ ಅಜ್ಜ, ಇನ್ನೂ ಇದ್ದಾರೆ. ಸ್ವಂತ ದುಡಿಮೆಯಲ್ಲಿ ಕೊಂಡ ಎರಡು ಎಕರೆ ಮೆಕ್ಕೆಜೋಳದ ಹೊಲ ಇದೆ. ತೀರಿಹೋದ ಮಗನ ಮಕ್ಕಳು ಅಂತ ನಾವಿಬ್ಬರೂ ಅಜ್ಜನ ಮೊದಲ ದರ್ಜೆ ವಾರಸುದಾರರು. ದತ್ತು ಆದರೆ ತಂಗಿ ಆ ಪಟ್ಟಿಯಿಂದ ಹೊರಗೆ. ಹೊಲ ಹೋದರೆ ಹೋಗಲಿ, ಆದರೆ ಅಜ್ಜನಿಗೆ ಇದನ್ನ ಯಾರು ಹೇಳೋದು?

(6/6)

ನಾನೇ ಹೋಗಿ ಹೇಳಿದೆ. ಅಜ್ಜ ಕಟ್ಟೆ ಮೇಲೆ ಕೂತಿದ್ರು. ಎಲ್ಲ ಕೇಳಿ ಬಹಳ ಹೊತ್ತು ಸುಮ್ಮನಿದ್ದು, “ಅಂದ್ರೆ ಆ ಕೂಸಿನ ಕಾಗದದಾಗ ನನ್ನ ಮಗನ ಹೆಸರು ಇರಂಗಿಲ್ಲ” ಅಂದ್ರು. ಇರಲ್ಲ ಅಜ್ಜ ಅಂದೆ. “ನಿನ್ನದರಾಗ?” ನನ್ನದರಲ್ಲಿ ಇರುತ್ತೆ, ನನಗೆ ವಯಸ್ಸು ಮೀರಿದೆ ಅಂದೆ. ಒಂಬತ್ತು ವರ್ಷದಲ್ಲಿ ಮೊದಲ ಸಲ, ವಯಸ್ಸು ಮೀರಿದ್ದು ಒಬ್ಬರಿಗಾದ್ರೂ ಸಮಾಧಾನ ಕೊಟ್ಟಿತು ಅನಿಸ್ತು.

ಅವರನ್ನ ಹಳೇ ಕಾಲದವರು ಅಂತ ಕಾಮೆಂಟ್ ಮಾಡಬೇಡಿ ದಯವಿಟ್ಟು. ಮಗನನ್ನ ಕಳಕೊಂಡವರು ಅವರು. ಕಾಗದ ಮುಖ್ಯ ಅಂತ ನಾನು ಇಷ್ಟುದ್ದ ಬರೆದಿದ್ದೀನಲ್ಲ, ಅಜ್ಜನಿಗೂ ಅದೇ ಕಾರಣಕ್ಕೆ ಮುಖ್ಯ.

ನಾವು ಈಗ ಮಾಡ್ತಿರೋದು ಹೀಗೆ. ತಂಗಿಗೆ ರಿಜಿಸ್ಟರ್ಡ್ ದತ್ತು ಪತ್ರ. ಅದರ ಜೊತೆ ಎರಡು ವಿಲ್. ಅಪ್ಪ ನನ್ನ ಹೆಸರನ್ನೂ ಸೇರಿಸಿ ಬರೀತಾರೆ, ಅಜ್ಜ ತಂಗಿಯ ಹೆಸರನ್ನೂ ಸೇರಿಸಿ. ದತ್ತು ಕೊಡದೇ ಇರೋದನ್ನ, ದತ್ತು ಕಿತ್ಕೊಳ್ಳೋದನ್ನ, ಎರಡನ್ನೂ ವಿಲ್ ಸರಿಮಾಡುತ್ತೆ. ವಿಲ್‌ಗೆ ಛಾಪಾ ಕಾಗದ ಬೇಡ, ಬಿಳಿ ಹಾಳೆ ಸಾಕು. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ. ಆಸ್ತಿ ಯಾರಿಗೆ ಹೋಗುತ್ತೋ ಅವರನ್ನ ಸಾಕ್ಷಿ ಹಾಕಿಸದೇ ಇರೋದು ಒಳ್ಳೇದು. ರಿಜಿಸ್ಟರ್ ಮಾಡಿಸೋದು ಕಡ್ಡಾಯ ಅಲ್ಲ, ನಾವು ಮಾಡಿಸ್ತಿದ್ದೀವಿ. ನಿಮ್ಮಲ್ಲಿ ನನ್ನ ಹಾಗೆ 18 ದಾಟಿದ ಮಲಮಕ್ಕಳು ಇದ್ದರೆ, ನಿಮಗೂ ಈ ದಾರಿ ಇದೆ. ಮನೇಲಿ ಕೇಳೋಕೆ ಮುಜುಗರ ಆಗುತ್ತೆ, ಗೊತ್ತು. ‘ಆಸ್ತಿ ಮೇಲೆ ಕಣ್ಣು’ ಅಂತಾರೇನೋ ಅಂತ ನಾನೂ ಎರಡು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಈ ನೋಟ್ಸನ್ನೇ ಅಪ್ಪನ ಮುಂದೆ ಇಟ್ಟೆ.

ತಂಗಿಯನ್ನ ಕೇಳಿದ್ರಾ ಅಂತ ಒಬ್ಬರು ಕೇಳಿದ್ರಿ. ಕೇಳಿದ್ವಿ. ಅವಳ ಪ್ರಶ್ನೆ ಒಂದೇ: “ನನ್ನ ಇನಿಷಿಯಲ್ ಚೇಂಜ್ ಆದ್ರೆ ಅಟೆಂಡೆನ್ಸ್‌ನಲ್ಲಿ ನನ್ನ ನಂಬರ್ ಹಿಂದೆ ಹೋಗುತ್ತಾ?” ಹೋಗಲ್ಲ, ಹೆಸರಿನ ಮೇಲೆ ಬರೋದು ಅಂದೆ. ಹಾಗಾದ್ರೆ ಓಕೆ ಅಂದ್ಲು. ರಾತ್ರಿ ನೋಡಿದ್ರೆ ರಫ್ ನೋಟ್‌ಬುಕ್ ಹಿಂದಿನ ಪುಟದಲ್ಲಿ ಹೊಸ ಇನಿಷಿಯಲ್ ಹಾಕಿ ಸಹಿ ಪ್ರಾಕ್ಟೀಸ್ ಮಾಡಿದ್ಲು, ಒಂದು ಪುಟ ತುಂಬಾ. ಕೆಳಗಡೆ ಹಳೇ ಇನಿಷಿಯಲ್‌ನಲ್ಲೂ ಒಂದು ಸಹಿ ಇತ್ತು.

ಸೋಮವಾರ ಸಬ್ ರಿಜಿಸ್ಟ್ರಾರ್ ಆಫೀಸ್. ಒಂದು ಕಡೆ ಸಾಕ್ಷಿ ಸಹಿ ಹಾಕೋಕೆ ಅಜ್ಜ ತಾನೇ ಬರ್ತೀನಿ ಅಂದಿದ್ದಾರೆ. ನನಗೆ ಅವತ್ತು ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ ಇದೆ, ಯಾರಾದ್ರೂ ನೋಟ್ಸ್ ಕಳಿಸಿ.

#ಮಲಮಗಳು #ದತ್ತು #ಬಿಕಾಂಹುಡುಗಿ