ಬೀರು ಹಿಂದಿನ ಗೋಡೆ

ಹೋದ ತಿಂಗಳು ಎರಡು ದಿನ ರಜೆ ಹಾಕಿ ಹೊಳಲೂರಿಗೆ ಹೋಗಿದ್ದೆ. ಹಬ್ಬಕ್ಕಲ್ಲ, ನಮ್ಮನೆ ಫೋಟೋ ತೆಗೆಯೋಕೆ. ಅಪ್ಪ ಹೋದ ಮೇಲೆ ಅಷ್ಟು ದೊಡ್ಡ ಮನೆಯಲ್ಲಿ ಅಮ್ಮ ಒಬ್ಬರೇ. ಮನೆ ಮಾರಿ ಅವರನ್ನು ಬೆಂಗಳೂರಿಗೆ ಕರೆದುಕೊಂಡು ಬರೋದು ಅಂತ ನಿರ್ಧಾರವಾಗಿತ್ತು. ಮೊದಲೆಲ್ಲ ಊರಲ್ಲಿ ಬಾಯಿಮಾತಲ್ಲೇ ಮನೆ ಮಾರಾಟ ಆಗ್ತಿತ್ತು. ಈಗ ಕೊಳ್ಳೋರೂ ನಮ್ಮ ಹಾಗೇ, ಎಲ್ಲೋ ಕೂತು ಮೊದಲು ಮೊಬೈಲಲ್ಲಿ ನೋಡ್ತಾರೆ.

ತಮ್ಮ ಮೊದಲು ತೆಗೆದು ಕಳಿಸಿದ್ದ ಫೋಟೋ ನೋಡಿ ನನಗೇ ಆ ಮನೆ ಬೇಡ ಅನ್ನಿಸಿತ್ತು. ರಾತ್ರಿಯ ಟ್ಯೂಬ್‌ಲೈಟು, ದಿವಾನದ ಮೇಲೆ ಬಟ್ಟೆ ಗುಡ್ಡೆ, ಕನ್ನಡಿಯಲ್ಲಿ ಬನಿಯನ್ ಹಾಕಿಕೊಂಡ ಅವನೇ!

ನೀವೂ ಮನೆ ಮಾರೋಕೋ ಬಾಡಿಗೆಗೆ ಕೊಡೋಕೋ ಹೊರಟಿದ್ದರೆ, ನಾವು ಮಾಡಿದ್ದು ಇಷ್ಟು. ಖರ್ಚು ಏನೂ ಇಲ್ಲ.

ಬೆಳಗ್ಗೆ ಒಂಬತ್ತರ ಹೊತ್ತಿಗೆ ಕಿಟಕಿ, ಬಾಗಿಲೆಲ್ಲ ತೆರೆದಿಟ್ಟೆವು. ಹಳೇ ಕ್ಯಾಲೆಂಡರ್, ಔಷಧಿ ಡಬ್ಬಿ, ಬಾಗಿಲ ಹಿಂದಿನ ಬಟ್ಟೆ, ಅಡುಗೆಮನೆ ಕಟ್ಟೆ ಮೇಲಿನ ಸಾಮಾನು, ಎಲ್ಲ ಒಳಗೆ. ರೆಡ್ ಆಕ್ಸೈಡ್ ನೆಲ ಒರೆಸಿದ್ದೇ ತಡ, ಹೊಸ ಟೈಲ್ಸಿಗಿಂತ ಚೆನ್ನಾಗಿ ಹೊಳೀತು. ಫೋನಿನ ಲೆನ್ಸ್ ಒರೆಸಿ, ಕೋಣೆಯ ಮೂಲೆಯಲ್ಲಿ ನಿಂತು, ಎದೆಮಟ್ಟದಲ್ಲಿ ಫೋನನ್ನು ಅಡ್ಡಲಾಗಿ ಹಿಡಿದು ತೆಗೆದೆ. ವೈಡ್ ಲೆನ್ಸ್ ಬಳಸಲಿಲ್ಲ. ಅದರಲ್ಲಿ ಹತ್ತಡಿ ಕೋಣೆಯೂ ಕಲ್ಯಾಣ ಮಂಟಪದ ಹಾಗೆ ಕಾಣುತ್ತೆ, ಬಂದು ನೋಡಿದವರ ಮುಖ ಸಣ್ಣಗಾಗುತ್ತೆ. ಕ್ಯಾಮೆರಾದ ಲೊಕೇಶನ್ ಆಫ್ ಮಾಡಿದ್ದೆ. ಬೀಗದ ಕೈ, ಬ್ಯಾಂಕ್ ಕಾಗದ, ದೇವರ ಬೆಳ್ಳಿ ಯಾವುದೂ ಫ್ರೇಮಿನಲ್ಲಿ ಬರದ ಹಾಗೆ ನೋಡಿಕೊಂಡೆ.

ಮನೆಯವರ ಫೋಟೋಗಳನ್ನೂ ತೆಗೆದಿಡಬೇಕಲ್ಲ. ಹಾರ ಹಾಕಿದ್ದ ಅಪ್ಪನ ಫೋಟೋಗೆ ಕೈ ಹಾಕಿದಾಗ ಅಮ್ಮ, "ಅವರನ್ನೂ ತೆಗೀಬೇಕಾ?" ಅಂದರು. ನನಗೆ ಕೈ ಬರಲಿಲ್ಲ. ಕೊನೆಗೆ ಅಮ್ಮನೇ ಇಳಿಸಿ, ಸೆರಗಲ್ಲಿ ಒರೆಸಿ, ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. ನಡುಮನೆಯ ಫೋಟೋ ತುಂಬಾ ಚೆನ್ನಾಗಿ ಬಂತು. ನನಗೆ ಮಾತ್ರ ಅದರಲ್ಲಿ ಮೊಳೆ ಒಂದೇ ಕಾಣುತ್ತೆ.

ಉಳಿದದ್ದು ಅಡುಗೆಮನೆ ಪಕ್ಕದ ಕೋಣೆ. ಮಳೆಗಾಲದಲ್ಲಿ ಅಲ್ಲಿನ ಗೋಡೆ ತೇವ ಕುಡಿದು ಸುಣ್ಣ ಉದುರುತ್ತೆ. "ಅಕ್ಕಾ, ಬೀರು ಅಲ್ಲಿಗೆ ಜರುಗಿಸೋಣ" ಅಂದ ತಮ್ಮ. ನಾನೂ ಒಂದು ಕಡೆ ಹಿಡಿದೆ, ಸುಳ್ಳು ಹೇಳಲ್ಲ.

ಅಮ್ಮ ಒಳಗೆ ಬಂದು ನೋಡಿದರು. "ಬಟ್ಟೆ ಒಳಗಿಡೋದು ಬೇರೆ ಕಣೇ, ಗೋಡೆ ಮುಚ್ಚೋದು ಬೇರೆ. ಬರೋರು ಇಲ್ಲಿ ಮಕ್ಕಳನ್ನ ಮಲಗಿಸಬೇಕಲ್ಲ."

ಕಾನೂನೂ ಅಮ್ಮನ ಕಡೆಗೇ ಇದೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ತಿಳಿಸಲೇಬೇಕು ಅನ್ನುತ್ತೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಬಾಡಿಗೆಗೆ ಕೊಡುವಾಗಲೂ ಇಂಥದ್ದನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಜಗಳ ಇರಲ್ಲ.

ಬೀರು ವಾಪಸ್ ಹೋಯಿತು. ಗೋಡೆಯ ಫೋಟೋ ಕೊನೆಯದಾಗಿ ಹಾಕಿ, "ಮಳೆಗಾಲದಲ್ಲಿ ತೇವ ಬರುತ್ತೆ" ಅಂತ ಬರೆದೆವು.

ಮೊನ್ನೆ ಶಿವಮೊಗ್ಗದಿಂದ ಗಂಡ ಹೆಂಡತಿ ಬಂದಿದ್ದರು. ನೇರ ಆ ಕೋಣೆಗೇ ಹೋಗಿ ಗೋಡೆ ಮುಟ್ಟಿ ನೋಡಿದರಂತೆ. ನಾವು ಹೇಳಿದ್ದಕ್ಕಿಂತ ಕಡಿಮೆಗೇ ಕೇಳಿದ್ದಾರೆ, ಇನ್ನೂ ಮಾತುಕತೆ ನಡೀತಿದೆ. ಆದರೂ ಅಮ್ಮ ಫೋನಲ್ಲಿ ಖುಷಿಯಾಗಿದ್ದರು. "ಕಾಫಿ ಕುಡಿದು ಹೋದರು ಕಣೇ. ಮುಚ್ಚಿಡೋದು ಏನೂ ಇರಲಿಲ್ಲ ನೋಡು, ಆರಾಮಾಗಿ ಕೂತು ಮಾತಾಡಿದ್ವಿ."